ದಿನ ತುಂಬುವ ಮೊದಲೇ ನೀರು ಹೋದರೆ ಸ್ಟೀರಾಯ್ಡ್ ಇಂಜೆಕ್ಷನ್ ಯಾಕೆ?

ಪ್ರಶ್ನೆ: ನನ್ನ ತಂಗಿಗೆ ಈಗ 29 ವಾರ. ಚೊಚ್ಚಲ ಬಸಿರು. ನಿನ್ನೆ ರಾತ್ರಿ ಮಲಗಿದ್ದಾಗ ಇದ್ದಕ್ಕಿದ್ದ ಹಾಗೆ ನೀರು ಹೋಯಿತು. ನೋವು ಏನೂ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅದೇ ಇಂಜೆಕ್ಷನ್ ಇನ್ನೂ ಮೂರು ಸಲ ಕೊಡಬೇಕು, ಅದು ಸ್ಟೀರಾಯ್ಡ್ ಅಂತ ಇಲ್ಲಿನ ಡಾಕ್ಟರ್ ಹೇಳುತ್ತಿದ್ದಾರೆ. ಅಮ್ಮ ತುಂಬಾ ಹೆದರಿದ್ದಾರೆ. ನೀರೇ ಹೋದ ಮೇಲೆ ಇಂಜೆಕ್ಷನ್‌ನಿಂದ ಏನು ಉಪಯೋಗ? ಮಗುವಿಗೆ ಮುಂದೆ ತೊಂದರೆ ಆಗುವುದಿಲ್ಲವೇ? ಏಳು ತಿಂಗಳ ಮಗು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ ಅಂತ ಬೇರೆ ಹೇಳುತ್ತಾರೆ. ಏನು ಮಾಡಬೇಕು ತಿಳಿಯುತ್ತಿಲ್ಲ.

ಉತ್ತರ: ಮೊದಲು ಇಷ್ಟು ಮಾಡಿ. ಉಳಿದ ಮೂರು ಇಂಜೆಕ್ಷನ್ ಹಾಕಿಸಿ. ಅಮ್ಮನಿಗೆ ಸಮಾಧಾನ ಹೇಳುವುದು, ಈ ಉತ್ತರವನ್ನು ಪೂರ್ತಿ ಓದುವುದು ಎಲ್ಲ ಆಮೇಲೆ. ಈ ಔಷಧಕ್ಕೆ ಗಂಟೆಗಳ ಲೆಕ್ಕ ಇದೆ. ಮನೆಯವರು ಯೋಚನೆ ಮಾಡುತ್ತಾ ಕೂತರೆ ಆ ಗಂಟೆಗಳು ಮಗುವಿನ ಲೆಕ್ಕದಲ್ಲಿ ಕಳೆಯುತ್ತವೆ.

ನಿಮ್ಮ ತಂಗಿಗೆ ಕೊಡುತ್ತಿರುವುದು ಡೆಕ್ಸಾಮೆಥಾಸೋನ್ ಇರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವುದು ಅದನ್ನೇ. 6 ಮಿಲಿಗ್ರಾಂನ ಒಂದೊಂದು ಇಂಜೆಕ್ಷನ್, 12 ಗಂಟೆಗೆ ಒಂದರಂತೆ ನಾಲ್ಕು ಸಲ, ಮಾಂಸಖಂಡಕ್ಕೆ. ಮೊದಲನೆಯದರಿಂದ ಕೊನೆಯದಕ್ಕೆ 36 ಗಂಟೆ. ಕೆಲವು ಕಡೆ ಇದರ ಬದಲು ಬೀಟಾಮೆಥಾಸೋನ್ 12 ಮಿಲಿಗ್ರಾಂ, 24 ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಎರಡೂ ಒಂದೇ ಕೆಲಸಕ್ಕೆ. ಕೋವಿಡ್ ಸಮಯದಲ್ಲಿ ಉಸಿರಾಟ ಕೆಟ್ಟವರಿಗೆ ಕೊಡುತ್ತಿದ್ದ ಡೆಕ್ಸಾಮೆಥಾಸೋನ್ ಕೂಡ ಇದೇ. ಜಿಮ್‌ಗೆ ಹೋಗುವವರು ಮೈ ಬೆಳೆಸಲು ಕದ್ದು ತೆಗೆದುಕೊಳ್ಳುವ ಸ್ಟೀರಾಯ್ಡ್ ಬೇರೆ ಗುಂಪಿನದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ನಮ್ಮ ಮೈಯಲ್ಲೇ ಹುಟ್ಟುವ ಕಾರ್ಟಿಸಾಲ್‌ನ ಜಾತಿಯದು. ದಿನ ತುಂಬುತ್ತಾ ಬಂದಾಗ ಮಗುವಿನ ಮೈಯಲ್ಲೂ ಕಾರ್ಟಿಸಾಲ್ ಏರುತ್ತದೆ, ಹೊರಗಿನ ಗಾಳಿಗೆ ಸಿದ್ಧವಾಗು ಅಂತ ಶ್ವಾಸಕೋಶಕ್ಕೆ ಹೇಳುವುದು ಅದೇ. ನಾವು ಆ ಸೂಚನೆಯನ್ನು ಕೆಲವು ವಾರ ಮೊದಲೇ ಕಳಿಸುತ್ತಿದ್ದೇವೆ, ಅಷ್ಟೆ.

ಈಗ "ನೀರೇ ಹೋದ ಮೇಲೆ ಏನು ಉಪಯೋಗ" ಅನ್ನುವ ಪ್ರಶ್ನೆ. ಇಂಜೆಕ್ಷನ್ ನೀರಿಗಾಗಿ ಅಲ್ಲ. ಅದು ಹರಿದ ಚೀಲವನ್ನು ಮುಚ್ಚುವುದಿಲ್ಲ, ನೋವು ಬರುವುದನ್ನು ತಡೆಯುವುದೂ ಇಲ್ಲ, ಬರಿಸುವುದೂ ಇಲ್ಲ. ಅದು ಮಗುವಿನ ಶ್ವಾಸಕೋಶಕ್ಕೆ. ನೀರು ಇಷ್ಟು ಬೇಗ ಹೋದವರಲ್ಲಿ ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಹೆರಿಗೆ ಆಗಿಬಿಡುತ್ತದೆ. ಕೆಲವರು ಮಾತ್ರ ವಾರಗಟ್ಟಲೆ ಹಾಗೇ ಉಳಿಯುತ್ತಾರೆ. ಯಾರು ಉಳಿಯುತ್ತಾರೆ, ಯಾರಿಗೆ ನಾಳೆಯೇ ನೋವು ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಹಾಗಾಗಿ ನೀರು ಹೋಗಿರುವುದು ಖಚಿತವಾದ ಕೂಡಲೇ ಶುರು ಮಾಡುತ್ತೇವೆ.

ಶ್ವಾಸಕೋಶದ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಅವುಗಳ ಗೋಡೆ ಯಾವಾಗಲೂ ತೇವವಾಗಿರುತ್ತದೆ. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ ಅಲ್ವಾ? ಈ ಗೂಡುಗಳೂ ಉಸಿರು ಬಿಟ್ಟಾಗಲೆಲ್ಲ ಹಾಗೇ ಅಂಟಿಕೊಳ್ಳಬೇಕಿತ್ತು. ಸರ್ಫ್ಯಾಕ್ಟಂಟ್ ಅನ್ನುವ ಜಿಡ್ಡಿನಂಥ ವಸ್ತು ಅದನ್ನು ತಪ್ಪಿಸುತ್ತದೆ. 29 ವಾರದ ಮಗುವಿನಲ್ಲಿ ಅದು ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಹುಟ್ಟಿದ ಮಗು ಪ್ರತಿ ಉಸಿರಿಗೂ ಹೆಣಗಾಡುತ್ತದೆ. ಎದೆ ಒಳಕ್ಕೆ ಎಳೆಯುತ್ತದೆ, ನರಳುತ್ತದೆ, ಕೊನೆಗೆ ಸುಸ್ತಾಗಿಬಿಡುತ್ತದೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಮಗ ಪ್ಯಾಟ್ರಿಕ್ ಸುಮಾರು ಐದೂವರೆ ವಾರ ಮೊದಲು ಹುಟ್ಟಿ, ಎರಡು ದಿನವೂ ತುಂಬುವ ಮೊದಲೇ ತೀರಿಕೊಂಡದ್ದು ಇದೇ ತೊಂದರೆಯಿಂದ. ದೇಶದ ಅಧ್ಯಕ್ಷನ ಮಗುವಿಗೂ ಆಗ ಕೊಡಲು ಏನೂ ಇರಲಿಲ್ಲ. ಇವತ್ತು ನಿಮ್ಮ ತಂಗಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಡೋಸ್ ಸಿಕ್ಕಿದೆ.

ಇದು ಸಾಧ್ಯವಾದದ್ದು ಒಬ್ಬ ನ್ಯೂಜಿಲೆಂಡ್ ವೈದ್ಯರಿಂದ. ಗ್ರಹಾಂ ಲಿಗಿನ್ಸ್ ಅಂತ ಹೆಸರು, ಆಕ್ಲೆಂಡಿನವರು. ಅವರು ಹುಡುಕುತ್ತಿದ್ದದ್ದು ಬೇರೆಯದನ್ನೇ. ಹೆರಿಗೆ ನೋವು ಶುರುವಾಗುವುದು ಹೇಗೆ ಅಂತ ಕುರಿಗಳಲ್ಲಿ ನೋಡುತ್ತಿದ್ದರು. ಸ್ಟೀರಾಯ್ಡ್ ಸಿಕ್ಕಿದ್ದ ಒಂದು ಮರಿ ತುಂಬಾ ಮೊದಲೇ ಹುಟ್ಟಿಯೂ ಉಸಿರಾಡುತ್ತಿತ್ತು. ಅಷ್ಟು ಎಳೆಯ ಮರಿ ಬದುಕಿರಲೇಬಾರದಿತ್ತು. ಅದರ ಶ್ವಾಸಕೋಶ ನೋಡಿದರೆ ಗಾಳಿ ತುಂಬಿಕೊಂಡಿತ್ತು. ಅಲ್ಲಿಂದ ಅವರು ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷೆ ಮಾಡಿ, 1972ರಲ್ಲಿ ಪ್ರಕಟಿಸಿದರು. ಉಸಿರಾಟದ ತೊಂದರೆ ಸ್ಟೀರಾಯ್ಡ್ ಸಿಗದ ಮಕ್ಕಳಲ್ಲಿ ಶೇ. 25.8ರಷ್ಟು ಇತ್ತು. ಸಿಕ್ಕವರಲ್ಲಿ ಶೇ. 9ಕ್ಕೆ ಇಳಿದಿತ್ತು. ಆದರೆ ಒಂದು ವಿಷಯ ಗಮನಿಸಿ. ಲಾಭ ಕಂಡದ್ದು 32 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಲ್ಲಿ, ಅದರಲ್ಲೂ ಇಂಜೆಕ್ಷನ್ ಕೊಟ್ಟು ಕನಿಷ್ಠ 24 ಗಂಟೆ ಕಳೆದವರಲ್ಲಿ. ನಾನು ಮೊದಲೇ ಗಂಟೆಗಳ ಲೆಕ್ಕ ಅಂದದ್ದು ಇದಕ್ಕೇ. ಔಷಧದ ಪೂರ್ತಿ ಲಾಭ ಸಿಗುವುದು ಶುರು ಮಾಡಿ 24 ಗಂಟೆ ಆದ ಮೇಲೆ, ಏಳು ದಿನದ ಒಳಗೆ ಮಗು ಹುಟ್ಟಿದರೆ. ಹಾಗಂತ ಎರಡೇ ಡೋಸ್ ಆದಾಗ ಹೆರಿಗೆ ಆಯಿತು ಅಂದರೆ ಎಲ್ಲ ವ್ಯರ್ಥ ಅಂತಲ್ಲ. ಕೆಲವೇ ಗಂಟೆಗಳಲ್ಲೂ ಸ್ವಲ್ಪ ಕೆಲಸ ಶುರುವಾಗಿರುತ್ತದೆ.

ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೂ ವೈದ್ಯರು ಇದನ್ನು ಎಲ್ಲರಿಗೂ ಕೊಡಲು ಸುಮಾರು 20 ವರ್ಷ ಹಿಡಿಯಿತು. ನನಗೆ ಇದು ಯಾವಾಗ ನೆನಪಾದರೂ ಸಂಕಟವಾಗುತ್ತದೆ. ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಸಣ್ಣ ಅಡ್ಡಗೆರೆಗಳಿವೆ. ಅವು ಈ ಇಂಜೆಕ್ಷನ್ ಬಗ್ಗೆ ನಡೆದ ಏಳು ಪರೀಕ್ಷೆಗಳ ಫಲಿತಾಂಶಗಳು. ಬಿಡಿಬಿಡಿಯಾಗಿ ನೋಡಿದಾಗ ಅನುಮಾನ, ಒಟ್ಟಿಗೆ ಇಟ್ಟಾಗ ಉತ್ತರ ಎದುರಿಗೇ ಇತ್ತು. ಅಷ್ಟರಲ್ಲಿ ಸಾವಿರಾರು ಮಕ್ಕಳು ಹೋಗಿದ್ದರು.

ನೀರು ಹೋದವರ ವಿಷಯದಲ್ಲಿ ಹಿಂಜರಿಕೆ ಇನ್ನೂ ಜಾಸ್ತಿ ಇತ್ತು. ಅದಕ್ಕೆ ಕಾರಣವೂ ಇತ್ತು. ಚೀಲ ಒಡೆದ ಮೇಲೆ ಕೆಳಗಿನಿಂದ ಸೋಂಕು ಏರಬಹುದು. ಸ್ಟೀರಾಯ್ಡ್ ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ಎರಡೂ ಸೇರಿದರೆ ಅಪಾಯ ಅಂತ ಲೆಕ್ಕ. ನೀರು ಹೋದ ಒತ್ತಡಕ್ಕೇ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಔಷಧ ಬೇಕಿಲ್ಲ ಅನ್ನುವ ವಾದವೂ ಇತ್ತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ ಚರ್ಚೆ ಮಾಡಿಸಿತು. ಉಳಿದವರಿಗೆ 34 ವಾರದವರೆಗೆ ಕೊಡಿ ಅಂದವರು, ನೀರು ಹೋದವರಿಗೆ 30ರಿಂದ 32 ವಾರದವರೆಗೆ ಮಾತ್ರ ಅಂದರು. ಆಮೇಲೆ ನೀರು ಹೋದ ತಾಯಂದಿರನ್ನೇ ಬೇರೆಯಾಗಿ ತೆಗೆದು ನೋಡಿದಾಗ ಮಗುವಿಗೆ ಲಾಭ ಇದೆ, ಸೋಂಕು ಹೆಚ್ಚಿಲ್ಲ ಅಂತ ಕಂಡಿತು. ಈಗ ಅವರಿಗೂ 34 ವಾರದವರೆಗೆ ಕೊಡುತ್ತೇವೆ. ನಿಮ್ಮ ತಂಗಿಗೆ 29 ವಾರ. ಅತಿ ಜಾಗರೂಕರಾಗಿದ್ದವರ ಆ ಹಳೆಯ ಲೆಕ್ಕದಲ್ಲೂ ಅವರು ಒಳಗೇ ಬರುತ್ತಾರೆ.

ಆದರೆ "ಇಂಜೆಕ್ಷನ್ ಕೊಟ್ಟರೆ ಸಾಕು" ಅಂತ ಮಾತ್ರ ತಿಳಿಯಬೇಡಿ. ಇದನ್ನು ಕಲಿಸಿದ ಎರಡು ದೊಡ್ಡ ಪರೀಕ್ಷೆಗಳಲ್ಲಿ ನಮ್ಮ ಬೆಳಗಾವಿಯೂ ಭಾಗಿಯಾಗಿತ್ತು.

ಮೊದಲನೆಯದು 2015ರಲ್ಲಿ ಹೊರಬಂದದ್ದು. ಆರು ದೇಶಗಳಲ್ಲಿ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದ ಸುತ್ತ. ಹಳ್ಳಿಗಳಲ್ಲಿ, ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ದಿನ ತುಂಬದೆ ಹೆರಿಗೆ ಆಗಬಹುದು ಅನ್ನಿಸಿದವರಿಗೆಲ್ಲ ಈ ಇಂಜೆಕ್ಷನ್ ಸಿಗುವ ಹಾಗೆ ಮಾಡಿದರು. ಸುಮಾರು ಒಂದು ಲಕ್ಷ ಹೆರಿಗೆಗಳನ್ನು ನೋಡಿದರು. ಸಾವು ಇಳಿಯುತ್ತದೆ ಅಂದುಕೊಂಡಿದ್ದರು. ಇಳಿಯಲಿಲ್ಲ. ಒಟ್ಟು ಮಕ್ಕಳನ್ನು ತೆಗೆದುಕೊಂಡರೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 23.9 ಇದ್ದದ್ದು ಇಂಜೆಕ್ಷನ್ ಹೆಚ್ಚು ಬಳಸಿದ ಕಡೆ 27.4 ಇತ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಾಗಿತ್ತು. ಯಾಕೆ ಹೀಗಾಯಿತು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಎರಡು ವಿಷಯ ಎದ್ದು ಕಾಣುತ್ತವೆ. ಒಂದು, ಎಷ್ಟು ವಾರ ಅಂತ ಖಚಿತ ಇಲ್ಲದ ಕಡೆ ಹೊಟ್ಟೆಯ ಎತ್ತರವನ್ನು ಟೇಪಿನಲ್ಲಿ ಅಳೆದು ಅಂದಾಜು ಮಾಡಿದ್ದರು. ಹಾಗಾಗಿ ದಿನ ತುಂಬಿದ ಎಷ್ಟೋ ಮಕ್ಕಳಿಗೂ ಔಷಧ ಸಿಕ್ಕಿತು. ಎರಡು, ಹುಟ್ಟಿದ ಎಳೆ ಮಗುವಿಗೆ ಬೇಕಾದ ಆರೈಕೆ ಅನೇಕ ಕಡೆ ಇರಲಿಲ್ಲ.

ಎರಡನೆಯದನ್ನು ವಿಶ್ವ ಆರೋಗ್ಯ ಸಂಸ್ಥೆ ನಡೆಸಿತು, 2020ರಲ್ಲಿ ಪ್ರಕಟವಾಯಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾ, ಒಟ್ಟು 29 ಆಸ್ಪತ್ರೆಗಳು, 2852 ತಾಯಂದಿರು. ಈ ಸಲ ಬಸಿರು 26ರಿಂದ 34 ವಾರದ ಒಳಗೆ ಅಂತ ಸ್ಕ್ಯಾನ್‌ನಿಂದ ಖಚಿತ ಮಾಡಿಕೊಂಡರು. ಎಳೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇದ್ದ ಆಸ್ಪತ್ರೆಗಳನ್ನೇ ಆರಿಸಿದರು. ಔಷಧ ಅದೇ ಡೆಕ್ಸಾಮೆಥಾಸೋನ್, ನಿಮ್ಮ ತಂಗಿಗೆ ಹೇಳಿದ ಲೆಕ್ಕವೇ. ಔಷಧ ಸಿಗದ ಗುಂಪಿನಲ್ಲಿ ನೂರಕ್ಕೆ 23.5 ಮಕ್ಕಳು ತೀರಿಕೊಂಡರೆ, ಸಿಕ್ಕ ಗುಂಪಿನಲ್ಲಿ 19.6. ಅಂದರೆ ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಮಗು ಹೆಚ್ಚು ಉಳಿಯುತ್ತದೆ. ತಾಯಂದಿರ ಸೋಂಕು ಹೆಚ್ಚಾಗಲಿಲ್ಲ. ಲಾಭ ಇಷ್ಟು ಸ್ಪಷ್ಟವಾಗಿ ಕಂಡ ಕಾರಣ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು.

ಔಷಧ ಒಂದೇ, ಫಲ ಬೇರೆ. ವ್ಯತ್ಯಾಸ ಇದ್ದದ್ದು ವಾರದ ಖಚಿತತೆಯಲ್ಲಿ, ಸೋಂಕಿನ ಮೇಲಿನ ಕಣ್ಣಿನಲ್ಲಿ, ಹುಟ್ಟಿದ ಮೇಲಿನ ಆರೈಕೆಯಲ್ಲಿ. ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ "ಸ್ಟೀರಾಯ್ಡ್ ಬೇಕೋ ಬೇಡವೋ" ಅನ್ನುವ ಚರ್ಚೆಗೆ ಖರ್ಚು ಮಾಡಬೇಡಿ. ಈ ಮೂರರ ಕಡೆ ತಿರುಗಿಸಿ.

ವಾರದ ವಿಷಯ ಸುಲಭ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ರಿಪೋರ್ಟ್ ಮತ್ತು ತಾಯಿ ಕಾರ್ಡ್ ಮನೆಯಲ್ಲಿದ್ದರೆ ಯಾರಿಂದಾದರೂ ತರಿಸಿ ಡಾಕ್ಟರಿಗೆ ತೋರಿಸಿ. ಕೊನೆಯ ಮುಟ್ಟಿನ ತಾರೀಕಿಗಿಂತ ಆ ಮೊದಲ ಸ್ಕ್ಯಾನ್ ಹೆಚ್ಚು ನಂಬಿಕೆಗೆ ಅರ್ಹ.

ಸೋಂಕಿನ ವಿಷಯದಲ್ಲಿ ನೀವೂ ಕಣ್ಣಿಟ್ಟಿರಬೇಕು. ತಂಗಿಗೆ ಜ್ವರ, ಚಳಿ, ಹೊಟ್ಟೆ ಮುಟ್ಟಿದರೆ ನೋವು, ಎದೆ ಬಡಿತ ಜೋರು, ಹೋಗುವ ನೀರಿಗೆ ಕೆಟ್ಟ ವಾಸನೆ ಅಥವಾ ಹಸಿರು ಬಣ್ಣ, ಇದರಲ್ಲಿ ಯಾವುದು ಕಂಡರೂ ನರ್ಸ್‌ಗೆ ಆಗಲೇ ಹೇಳಿ. ಬೆಳಗ್ಗೆ ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಹೇಳೋಣ ಅಂತ ಕಾಯಬೇಡಿ. ಗರ್ಭಕೋಶದಲ್ಲಿ ಸೋಂಕು ಖಚಿತವಾದರೆ ಲೆಕ್ಕವೇ ಬದಲಾಗುತ್ತದೆ. ಆಗ ಸ್ಟೀರಾಯ್ಡ್‌ಗಾಗಿ ಕಾಯುವುದಿಲ್ಲ, ಆಂಟಿಬಯಾಟಿಕ್ ಕೊಟ್ಟು ಹೆರಿಗೆ ಮಾಡಿಸುತ್ತೇವೆ. ನೀರು ಮಾತ್ರ ಹೋಗಿ ಸೋಂಕು ಇಲ್ಲದವರಿಗೂ ಆಂಟಿಬಯಾಟಿಕ್ ಬೇಕು. ಸಾಮಾನ್ಯವಾಗಿ ಎರಿಥ್ರೋಮೈಸಿನ್ ಮಾತ್ರೆ, 250 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆ ಈ ಸಂದರ್ಭದಲ್ಲಿ ಬೇಡ. 2001ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಕರುಳಿನ ಗಂಭೀರ ತೊಂದರೆ ಹೆಚ್ಚು ಕಂಡಿತ್ತು. ಮನೆಯಲ್ಲಿ ಉಳಿದಿರುವ ಯಾವುದೋ ಆಂಟಿಬಯಾಟಿಕ್ ಕೊಡಲೇಬೇಡಿ.

ಮತ್ತೆ ಮತ್ತೆ ಕೈ ಹಾಕಿ ಒಳಪರೀಕ್ಷೆ ಮಾಡುವುದೂ ಒಳ್ಳೆಯದಲ್ಲ. ನೋವು ಇಲ್ಲದಿದ್ದರೆ ಸ್ಪೆಕ್ಯುಲಮ್ ಅನ್ನುವ, ಒಳಗೆ ನೋಡಲು ಬಳಸುವ ಉಪಕರಣ ಇಟ್ಟು ಒಂದು ಸಲ ನೋಡಿದರೆ ಸಾಕು. ಇದನ್ನು ವಿನಯವಾಗಿ ಕೇಳುವ ಹಕ್ಕು ನಿಮಗಿದೆ.

ಇಲ್ಲಿ ಒಂದು ಗೊಂದಲ ಆಗಬಹುದು, ಹೇಳಿಬಿಡುತ್ತೇನೆ. ಸ್ಟೀರಾಯ್ಡ್ ಕೊಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ಸ್ವಲ್ಪ ಏರಿರುತ್ತದೆ. ಅದೊಂದೇ ನೋಡಿ ಸೋಂಕು ಆಗಿದೆ ಅಂತ ಗಾಬರಿಯಾಗಬೇಡಿ. ಎರಡು ಮೂರು ದಿನ ಮಗುವಿನ ಓಡಾಟವೂ ಕೊಂಚ ಕಡಿಮೆ ಅನ್ನಿಸಬಹುದು. ಆದರೆ "ಇಂಜೆಕ್ಷನ್‌ನಿಂದ ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ. ಹೇಳಿ, ಅವರು ಎದೆ ಬಡಿತ ನೋಡುತ್ತಾರೆ. ತಂಗಿಗೆ ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಜೋರಾಗಿ ಏರುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗಬಹುದು. ಅದಕ್ಕಾಗಿ ಇಂಜೆಕ್ಷನ್ ನಿಲ್ಲಿಸುವುದಿಲ್ಲ, ಸಕ್ಕರೆ ನೋಡಿಕೊಳ್ಳುತ್ತೇವೆ.

ಮೂರನೆಯದು ಆರೈಕೆ. ಇದೇ ಎಲ್ಲಕ್ಕಿಂತ ಮುಖ್ಯ. ತಾಲ್ಲೂಕು ಆಸ್ಪತ್ರೆಯವರು ಮೊದಲ ಡೋಸ್ ಕೊಟ್ಟು ಆಮೇಲೆ ಕಳಿಸಿದರಲ್ಲ, ಅದು ಸರಿಯಾದ ಕೆಲಸ. ನಮ್ಮ ದೇಶದಲ್ಲಿ 2014ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಯ ಪ್ರಕಾರ ಉಪಕೇಂದ್ರದ ಎಎನ್‌ಎಂ ಸಿಸ್ಟರ್ ಕೂಡ 24ರಿಂದ 34 ವಾರದ ಒಳಗಿನ ಇಂಥ ತಾಯಿಗೆ ಮೊದಲ ಡೋಸ್ ಕೊಟ್ಟು ಕಳಿಸಬಹುದು. ಮಗು ಹುಟ್ಟಿದ ಮೇಲೆ ಅದನ್ನು ಎತ್ತಿಕೊಂಡು ಊರೂರು ಓಡುವುದಕ್ಕಿಂತ, ಅದು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸರಿಯಾದ ಜಾಗಕ್ಕೆ ಸೇರಿಸುವುದು ಎಷ್ಟೋ ಪಾಲು ಸುರಕ್ಷಿತ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರನ್ನು ಇವತ್ತೇ ಕಾಣಿ. "ಎಸ್‌ಎನ್‌ಸಿಯುನಲ್ಲಿ ಸಿಪ್ಯಾಪ್ ಇದೆಯಾ? ಜಾಗ ಇದೆಯಾ? 29 ವಾರದ ಮಗುವನ್ನು ಇಲ್ಲೇ ನೋಡಿಕೊಳ್ಳುತ್ತೀರಾ, ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸುತ್ತೀರಾ?" ಅಂತ ನೇರವಾಗಿ ಕೇಳಿ. ಎಸ್‌ಎನ್‌ಸಿಯು ಅಂದರೆ ಎಳೆ ಮಕ್ಕಳ ವಿಶೇಷ ಆರೈಕೆ ಘಟಕ. ಸಿಪ್ಯಾಪ್ ಅಂದರೆ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಮಗುವಿನ ಉಸಿರಾಟಕ್ಕೆ ನೆರವಾಗುವ ಯಂತ್ರ. ಕಳಿಸುವುದಾದರೆ ನೋವು ಶುರುವಾಗುವ ಮೊದಲೇ ಹೊರಡುವುದು ಒಳ್ಳೆಯದು. ಮುಂದಿನ ಡೋಸ್ ಎಷ್ಟು ಹೊತ್ತಿಗೆ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ದಾರಿಯ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಅದೇ. ಹೆರಿಗೆ ಹತ್ತಿರ ಬಂದರೆ ಮೆಗ್ನೀಷಿಯಂ ಸಲ್ಫೇಟ್ ಡ್ರಿಪ್ ಹಾಕಬಹುದು. ಅದು ಮಗುವಿನ ಮಿದುಳಿನ ರಕ್ಷಣೆಗೆ.

ಅಮ್ಮನ ಭಯಕ್ಕೆ ಬರುತ್ತೇನೆ. ಮುಂದೆ ತೊಂದರೆ ಆಗುತ್ತದೆಯೇ ಅನ್ನುವುದು ನ್ಯಾಯವಾದ ಪ್ರಶ್ನೆ. ಆಕ್ಲೆಂಡಿನ ಆ ಮೊದಲ ಪರೀಕ್ಷೆಯ ಮಕ್ಕಳನ್ನು 30 ವರ್ಷ ತುಂಬಿದಾಗ ಮತ್ತೆ ಕರೆದು ನೋಡಿದ್ದಾರೆ. ಬಿಪಿ, ಹೃದಯದ ವಿಷಯದಲ್ಲಿ ಔಷಧ ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ನಿಭಾಯಿಸುವ ರೀತಿಯಲ್ಲಿ ಸಣ್ಣ ವ್ಯತ್ಯಾಸ ಇತ್ತು. ಇನ್ನೊಂದು ಕಡೆ, 2020ರಲ್ಲಿ ಫಿನ್ಲೆಂಡಿನಿಂದ ಬಂದ ದೊಡ್ಡ ಅಧ್ಯಯನದಲ್ಲಿ, ಸ್ಟೀರಾಯ್ಡ್ ಸಿಕ್ಕಿಯೂ ಕೊನೆಗೆ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಮನಸ್ಸು ಮತ್ತು ನಡವಳಿಕೆಯ ತೊಂದರೆಗಳು ಸ್ವಲ್ಪ ಹೆಚ್ಚು ಕಂಡವು. ಔಷಧವೇ ಕಾರಣ ಅಂತ ಅದು ಸಾಬೀತು ಮಾಡುವುದಿಲ್ಲ. ಆದರೂ ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೇಗ ಹೆರಿಗೆ ಆಗುವ ಲಕ್ಷಣವೇ ಇಲ್ಲದವರಿಗೆ "ಇರಲಿ, ಒಂದು ಕೋರ್ಸ್ ಹಾಕಿಬಿಡೋಣ" ಅಂತ ಕೊಡುವುದು ತಪ್ಪು. ವಾರ ವಾರ ಮತ್ತೆ ಮತ್ತೆ ಕೊಡುವುದೂ ತಪ್ಪು, ಮಗುವಿನ ತೂಕ ಕಡಿಮೆಯಾಗುತ್ತದೆ. ನಿಮ್ಮ ತಂಗಿಯದು ಅಂಥ ಪರಿಸ್ಥಿತಿ ಅಲ್ಲ. ಅವರ ಮಗುವಿಗೆ ಎದುರಿಗಿರುವ ಅಪಾಯ ಮುಂದಿನ ವಾರದ್ದು, ಮೂವತ್ತು ವರ್ಷದ ಆಚೆಯದ್ದಲ್ಲ. ಈ ಒಂದು ಕೋರ್ಸ್ ಉಸಿರಾಟದ ತೊಂದರೆಯನ್ನಷ್ಟೇ ಅಲ್ಲ, ಮಿದುಳಿನಲ್ಲಿ ರಕ್ತಸ್ರಾವ ಆಗುವುದನ್ನೂ ಕಡಿಮೆ ಮಾಡುತ್ತದೆ.

ಎಂಟು ತಿಂಗಳ ಮಗು ಬದುಕುವುದಿಲ್ಲ ಅನ್ನುವ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡಬೇಡಿ, ತಂಗಿಯ ಮುಂದಂತೂ ಬೇಡವೇ ಬೇಡ. ಅದು ಸುಳ್ಳು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. ಸೋಂಕು ಇಲ್ಲದೆ, ಮಗು ಚೆನ್ನಾಗಿದ್ದರೆ, ಕನಿಷ್ಠ 34 ವಾರದವರೆಗೆ ಕಾಯುವುದೇ ನಮ್ಮ ಪ್ರಯತ್ನ. ನೀರು ಪೂರ್ತಿ ಒಣಗಿಹೋಗುತ್ತದೆ ಅಂತಲೂ ಹೆದರಬೇಡಿ. ಆ ನೀರಿನ ಹೆಚ್ಚು ಪಾಲು ಮಗುವಿನ ಮೂತ್ರವೇ. ಸೋರುತ್ತಲೇ ಇದ್ದರೂ ಹೊಸದು ಬರುತ್ತಿರುತ್ತದೆ. ಲೀಟರುಗಟ್ಟಲೆ ನೀರು ಕುಡಿಸಿ ತುಂಬಿಸಲು ಹೋಗಬೇಡಿ, ಬಾಯಾರಿಕೆಗೆ ಬೇಕಾದಷ್ಟು ಕುಡಿದರೆ ಸಾಕು. ಸ್ವಚ್ಛವಾದ ಪ್ಯಾಡ್ ಇಟ್ಟುಕೊಂಡು ಆಗಾಗ ಬದಲಿಸಲಿ, ಬಣ್ಣ ನೋಡಲಿ. ಟಾಯ್ಲೆಟ್ಟಿಗೆ ಎದ್ದು ಹೋಗಬಹುದು. ಹೊಕ್ಕುಳಬಳ್ಳಿಯಂಥದ್ದು ಏನಾದರೂ ಕೆಳಗೆ ಬಂದ ಹಾಗೆ ಅನ್ನಿಸಿದರೆ ಮಾತ್ರ ಆಗಲೇ ಮೊಣಕಾಲೂರಿ, ತಲೆ ತಗ್ಗಿಸಿ, ಸೊಂಟ ಮೇಲೆ ಮಾಡಿಕೊಂಡು ಕೂಗಿ ಕರೆಯಲಿ. ಅದನ್ನು ಕೈಯಿಂದ ಮುಟ್ಟಬಾರದು.

ಏಳು ದಿನ ಕಳೆದೂ ಹೆರಿಗೆ ಆಗದಿದ್ದರೆ ಇನ್ನೊಂದು ಕೋರ್ಸ್ ಬೇಕೇ ಅಂತ ನೀವು ಕೇಳಬಹುದು. ನೀರು ಹೋದವರಲ್ಲಿ ಇದಕ್ಕೆ ಎಲ್ಲರ ಒಪ್ಪಿಗೆ ಇಲ್ಲ. ಹೆರಿಗೆ ಮತ್ತೆ ಹತ್ತಿರ ಬಂದಂತೆ ಕಂಡರೆ, ಸೋಂಕು ಇಲ್ಲದಿದ್ದರೆ, ಒಂದೇ ಒಂದು ಸಲ ಮತ್ತೆ ಕೊಡುವುದನ್ನು ಅಲ್ಲಿನ ಡಾಕ್ಟರ್ ಯೋಚಿಸಬಹುದು. ಅದು ಅವರ ತೀರ್ಮಾನಕ್ಕೆ ಬಿಡಿ.

ಮಗು ಹುಟ್ಟಿದ ಮೇಲೆ ಅದು ಎಸ್‌ಎನ್‌ಸಿಯು ಒಳಗಿದ್ದರೂ ತಂಗಿ ಮೊದಲ ಕೆಲವು ಗಂಟೆಗಳಲ್ಲೇ ಎದೆಹಾಲು ಹಿಂಡಿ ಕೊಡಲು ಶುರು ಮಾಡಲಿ. ನಾಲ್ಕು ಹನಿ ಬಂದರೂ ಸರಿ, ಆ ಹಳದಿ ಹಾಲು ಬೇಕು. ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಮೈಗೆ ಒತ್ತಿ ಎದೆಯ ಮೇಲೆ ಮಲಗಿಸಿಕೊಳ್ಳುವುದು, ಯಾವಾಗ ಶುರು ಮಾಡಬಹುದು ಅಂತ ಮಕ್ಕಳ ಡಾಕ್ಟರನ್ನು ಮೊದಲ ದಿನವೇ ಕೇಳಿ. ತಂಗಿಗೆ ಸುಸ್ತಾದಾಗ ನೀವು ಮಾಡಬಹುದು, ಅಮ್ಮನೂ ಮಾಡಬಹುದು, ಮಗುವಿನ ಅಪ್ಪನೂ ಮಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಚಿಕಿತ್ಸೆ, ಔಷಧ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಗಾಡಿ ಎಲ್ಲ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ದುಡ್ಡಿನ ಚಿಂತೆಗೆ ಮಗುವನ್ನು ಅರ್ಧಕ್ಕೆ ಮನೆಗೆ ಕರೆದುಕೊಂಡು ಬರಬೇಡಿ.